ತಳ್ಳದಿದ್ದರೂ ಹೊರಡುವ ಗಾಡಿ

ನಮ್ಮ ಭಾವನಿಗೆ ದೇವರು ಕೊಟ್ಟ ವಿದ್ಯೆ ಒಂದೇ ಒಂದು. ಚಳಿಗಾಲದ ಬೆಳಿಗ್ಗೆ ಡೀಸೆಲ್ ವ್ಯಾನು ಸ್ಟಾರ್ಟ್ ಮಾಡುವುದು. ಉಳಿದ ವಿಷಯಗಳಲ್ಲಿ ಅವರು ಸಕ್ಕರೆ ತರಲು ಹೋಗಿ ಉಪ್ಪು ತರುವ, ತಮ್ಮ ಕೊಡೆ ಹಿಡಿದು ಹೋಗಿ ಇನ್ನೊಬ್ಬರ ಕೊಡೆ ಹಿಡಿದು ಬರುವ ಸಾಮಾನ್ಯ ಮನುಷ್ಯ. ಆದರೆ ಕಿವಿ ಮುಚ್ಚುವ ಉಣ್ಣೆ ಟೋಪಿ ಹಾಕಿಕೊಂಡು ಆಸ್ಪತ್ರೆಯ ಹಳೇ ವ್ಯಾನಿನ ಮುಂದೆ ನಿಂತರೆಂದರೆ ಅವರ ಮುಖಕ್ಕೆ ಬೇರೆಯೇ ಕಳೆ ಬರುತ್ತಿತ್ತು. ಆ ಹೊತ್ತಿನಲ್ಲಿ ಅಕ್ಕ ಕೂಡ ಅವರ ಮಾತಿಗೆ ಎದುರಾಡುತ್ತಿರಲಿಲ್ಲ. ದಿನದ ಉಳಿದ ಹೊತ್ತಿನಲ್ಲಿ ಅದನ್ನೆಲ್ಲ ಸೇರಿಸಿ ಆಡುತ್ತಿದ್ದಳು.

ನಾನು ಅವರ ಮನೆಯ ಮಹಡಿ ಕೋಣೆಯಲ್ಲಿ ಇರುವವನು, ಅಕ್ಕನ ತಮ್ಮ. ಅಚ್ಚುಕೂಟದಲ್ಲಿ ಬೇರೆಯವರ ತಪ್ಪು ತಿದ್ದುವುದು ನನ್ನ ಕೆಲಸ. ಮನೆಯಲ್ಲಿ ನನಗೆ ಆ ಅಧಿಕಾರ ಇಲ್ಲದ್ದರಿಂದ ಈ ಕಥೆಯಲ್ಲಿ ನಾನು ಹೆಚ್ಚಾಗಿ ನೋಡುತ್ತಾ ನಿಂತಿರುತ್ತೇನೆ.

ಭಾವ ಆಸ್ಪತ್ರೆಯ ವ್ಯಾನ್ ಡ್ರೈವರ್. ಗುಡ್ಡದ ಮೇಲಿನ ಆಸ್ಪತ್ರೆಗೆ ಬೆಳಗಿನ ಪಾಳಿಯ ನರ್ಸುಗಳನ್ನು ಮುಟ್ಟಿಸುವುದು ಅವರ ಕೆಲಸ. ರಾತ್ರಿ ವ್ಯಾನು ನಮ್ಮ ಬೀದಿಯಲ್ಲೇ ನಿಲ್ಲುತ್ತಿತ್ತು. ಬೀದಿ ಒಳ್ಳೆಯ ಇಳಿಜಾರು. ಮೇಲಿನ ತುದಿಯಲ್ಲಿ ನಮ್ಮ ಮನೆ, ಕೆಳಗಿನ ತುದಿಯಲ್ಲಿ ನೀರಿನ ಟ್ಯಾಂಕು. ಇಳಿಜಾರಿನಲ್ಲಿ ಮನೆ ಮಾಡಿದ್ದೇ ವ್ಯಾನಿನ ಸಲುವಾಗಿ ಎಂದು ಭಾವ ಹೇಳುತ್ತಾರೆ. ಬಾಡಿಗೆ ಕಮ್ಮಿ ಇತ್ತು ಎಂದು ಅಕ್ಕ ಹೇಳುತ್ತಾಳೆ.

ಚಳಿಗೂ ಡೀಸೆಲ್ಲಿಗೂ ಏನು ಹಗೆತನ ಎಂಬುದನ್ನು ಭಾವ ನನಗೆ ಎಷ್ಟೋ ಸಲ ವಿವರಿಸಿದ್ದಾರೆ. ನನಗೊಬ್ಬನಿಗೇ ಅಲ್ಲ, ಹಾಲಿನವನಿಗೆ, ಮೀಟರ್ ನೋಡಲು ಬಂದವನಿಗೆ, ದಾರಿ ತಪ್ಪಿ ವಿಳಾಸ ಕೇಳಿದವರಿಗೆ ಕೂಡ. ಪೆಟ್ರೋಲ್ ಗಾಡಿಗೆ ಕಿಡಿ ಹೊತ್ತಿಸುವ ಪ್ಲಗ್ ಇದೆ. ಡೀಸೆಲ್ ಎಂಜಿನ್‌ಗೆ ಕಿಡಿ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಆ ಕಾವಿನಲ್ಲೇ ಎಣ್ಣೆ ಉರಿಯಬೇಕು. ರಾತ್ರಿಯೆಲ್ಲ ಚಳಿಯಲ್ಲಿ ನಿಂತ ಹಳೇ ಎಂಜಿನ್ ಆ ಕಾವನ್ನೆಲ್ಲ ತನ್ನ ಕಬ್ಬಿಣಕ್ಕೇ ಹೀರಿಕೊಂಡು ಸುಮ್ಮನೆ ಕೂತುಬಿಡುತ್ತದೆ. ಆದ್ದರಿಂದ ಮೊದಲು ಒಳಗಿನ ಹೀಟರ್ ಕಾಯಬೇಕು. ಕೀ ಅರ್ಧ ತಿರುಗಿಸಿದರೆ ಹೀಟರಿನ ದೀಪ ಹೊತ್ತುತ್ತದೆ. ಅದು ಆರುವವರೆಗೆ ಮುಂದಕ್ಕೆ ತಿರುಗಿಸಬಾರದು. ಆ ದೀಪ ಉರಿಯುತ್ತಿರುವಾಗ ಯಾರಾದರೂ ಕೆಮ್ಮಿದರೂ ಭಾವ ಕಣ್ಣು ಕೆಕ್ಕರಿಸಿ ನೋಡುತ್ತಿದ್ದರು.

ಇಷ್ಟಾದರೂ ನಮ್ಮ ಹಳೇ ವ್ಯಾನು ಜಗ್ಗುತ್ತಿರಲಿಲ್ಲ. ಅಕ್ಕ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ತಂದು ಕೊಡಬೇಕು, ಭಾವ ಅದನ್ನು ಚಳಿಗೆ ಮಂದವಾದ ಎಣ್ಣೆಯ ಫಿಲ್ಟರಿಗೆ ಸುತ್ತಬೇಕು, ಬಾನೆಟ್ಟಿನ ಮೇಲಿನ ಕಂಬಳಿ ತೆಗೆಯಬೇಕು, ಕೊನೆಗೆ ಬೀದಿಯವರು ಬಂದು ತಳ್ಳಬೇಕು. ಇಳಿಜಾರಿನಲ್ಲಿ ಉರುಳುತ್ತಾ ಉರುಳುತ್ತಾ ಭಾವ ಕ್ಲಚ್ ಬಿಟ್ಟರೆ ವ್ಯಾನು ಒಮ್ಮೆ ಜಗ್ಗಿ, ಗೊರಗೊರ ಎಂದು, ಬೀದಿ ತುಂಬ ಬಿಳಿ ಹೊಗೆ ಕಕ್ಕಿ ಎಚ್ಚರವಾಗುತ್ತಿತ್ತು. ಆಮೇಲೆ ಅದು ಬಿಸಿಯಾಗುವವರೆಗೆ ನಿಂತಲ್ಲೇ ಓಡಬೇಕು. ಅಷ್ಟು ಹೊತ್ತು ತಳ್ಳಿದವರಿಗೆಲ್ಲ ಅಕ್ಕನ ಚಹಾ.

ತಳ್ಳುವವರಲ್ಲಿ ಮುಖ್ಯರು ಇಬ್ಬರು. ಎಡಗಡೆಗೆ ರಿಟೈರ್ ಆದ ಹೆಡ್‌ಕ್ಲರ್ಕು, ಬಲಗಡೆಗೆ ಟೈಲರು. ಇಬ್ಬರೂ ಅಕ್ಕಪಕ್ಕದ ಮನೆಯವರು, ನಡುವೆ ಒಂದು ಮೋರಿ. ಆ ಮೋರಿಯ ನೀರು ಯಾರ ಕಡೆಯಿಂದ ಯಾರ ಕಡೆಗೆ ಹರಿಯಬೇಕು ಎಂಬ ವಿಷಯದಲ್ಲಿ ಮಾತಿಗೆ ಮಾತು ಬೆಳೆದು, ವರ್ಷಗಳಿಂದ ಇಬ್ಬರಿಗೂ ಮಾತುಕತೆ ಇಲ್ಲ. ಎದುರು ಸಿಕ್ಕರೆ ಒಬ್ಬರು ಆಕಾಶ ನೋಡುತ್ತಾರೆ, ಇನ್ನೊಬ್ಬರು ಚಪ್ಪಲಿ ನೋಡುತ್ತಾರೆ. ಆದರೆ ವ್ಯಾನಿನ ಹಿಂದೆ ಹೆಗಲಿಗೆ ಹೆಗಲು ತಾಗಿಸಿ ನಿಂತಾಗ ಮಾತಾಡದೆ ವಿಧಿಯಿಲ್ಲ. ಅದಕ್ಕೂ ಇಬ್ಬರೂ ಒಂದು ದಾರಿ ಕಂಡುಕೊಂಡಿದ್ದರು.

"ವ್ಯಾನಿಗೆ ಹೇಳ್ತಿದೀನಿ," ಎನ್ನುತ್ತಿದ್ದರು ಹೆಡ್‌ಕ್ಲರ್ಕು, "ಬಲಗಡೆಯಿಂದ ಸ್ವಲ್ಪ ಜೋರು ಬೇಕು."

"ವ್ಯಾನಿಗೆ ಗೊತ್ತು," ಎನ್ನುತ್ತಿದ್ದರು ಟೈಲರು, "ಎಡಗಡೆಯವರು ಬರೀ ಕೈ ಇಟ್ಕೊಂಡು ನಿಂತಿದಾರೆ ಅಂತ."

ಚಹಾ ಕುಡಿಯುವಾಗಲೂ ಹಾಗೆಯೇ. ವ್ಯಾನಿನ ಮಂಡಿನೋವು, ವ್ಯಾನಿನ ಮಗಳ ಪರೀಕ್ಷೆ, ವ್ಯಾನಿಗೆ ರಾತ್ರಿ ನಿದ್ದೆ ಬಂತೋ ಇಲ್ಲವೋ ಎಲ್ಲವನ್ನೂ ಇಬ್ಬರೂ ಬಾನೆಟ್ಟಿನ ಕಡೆ ಮುಖ ಮಾಡಿ ವಿಚಾರಿಸುತ್ತಿದ್ದರು. ಒಳಗಿನ ಕಹಿಯೆಲ್ಲ ಅಲ್ಲೇ ಇಳಿದುಹೋಗಿ, ಬೀದಿ ಮರುದಿನದವರೆಗೆ ತಣ್ಣಗಿರುತ್ತಿತ್ತು.

ಹೀಗಿರುವಾಗ ಆಸ್ಪತ್ರೆಯವರು ಹಳೇ ವ್ಯಾನು ತೆಗೆದು ಹೊಸದು ಕೊಡುತ್ತಾರೆ ಎಂಬ ಸುದ್ದಿ ಬಂತು. ಭಾವ ಒಂದು ದಿನ ಮಂಕಾಗಿದ್ದರು. ಎರಡನೇ ದಿನ ಚೇತರಿಸಿಕೊಂಡು ಬೀದಿಯವರನ್ನು ಸೇರಿಸಿ ಭಾಷಣ ಮಾಡಿದರು.

"ಹೊಸ ಎಂಜಿನ್ ಅಂದ್ರೆ ಸುಮ್ನೆ ಅಲ್ಲ. ಹಳೇದು ದಪ್ಪ ಚರ್ಮದ್ದು, ಹೇಗೋ ತಡ್ಕೊಳ್ತಿತ್ತು. ಹೊಸದು ಬಹಳ ಸೂಕ್ಷ್ಮ. ಚಳಿ ಸೋಕಿದ್ರೆ ಸಾಕು, ಮುದುಡಿಕೊಂಡುಬಿಡುತ್ತೆ. ತಳ್ಳೋಕೆ ಇನ್ನೂ ಜನ ಬೇಕಾಗುತ್ತೆ."

ಅವರು ಹೊಸ ಎಂಜಿನ್ನನ್ನು ಕಣ್ಣಿನಿಂದ ಕೂಡ ನೋಡಿರಲಿಲ್ಲ. ಆದರೆ ಆ ಮಾತಿನಲ್ಲಿ ಎಷ್ಟು ನಂಬಿಕೆ ಇತ್ತೆಂದರೆ ಹೆಡ್‌ಕ್ಲರ್ಕು ಹೊಸ ಕೈಗವಸು ಕೊಂಡರು. ಟೈಲರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಳತೆಯನ್ನು ಊಹೆಯ ಮೇಲೆ ಹಿಡಿದು, ವ್ಯಾನಿನ ಬಾನೆಟ್ಟಿಗೆ ಒಂದು ದಪ್ಪ ಉಣ್ಣೆ ಕೋಟು ಹೊಲಿದರು. ಅದಕ್ಕೆ ಕಾಲರು, ಗುಂಡಿ, ಒಂದು ಜೇಬು ಎಲ್ಲ ಇತ್ತು. ವ್ಯಾನಿಗೆ ಜೇಬು ಯಾಕೆ ಎಂದು ನಾನು ಕೇಳಿದ್ದಕ್ಕೆ, ಜೇಬಿಲ್ಲದ ಕೋಟನ್ನು ತಾನು ಈವರೆಗೆ ಹೊಲಿದಿಲ್ಲ ಎಂದರು.

ಹೊಸ ವ್ಯಾನು ಬಂತು. ಬಿಳಿ ಬಣ್ಣ, ಕೀ ತಿರುಗಿಸುವ ಜಾಗದಲ್ಲಿ ಒಂದು ಗುಂಡಿ, ಕೀ ಜೇಬಿನಲ್ಲಿದ್ದರೆ ಸಾಕು, ಕ್ಲಚ್ಚೇ ಇಲ್ಲ. ಮೊದಲ ಬೆಳಿಗ್ಗೆ ಬೀದಿಗೆ ಬೀದಿಯೇ ಸೇರಿತು. ಭಾವ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಒಳಗೆ ಕೂತು, ಬ್ರೇಕ್ ಒತ್ತಿ, ಎಲ್ಲರಿಗೂ ಸುಮ್ಮನಿರಲು ಕೈ ತೋರಿಸಿ, ಗುಂಡಿ ಒತ್ತಿದರು. ಹೀಟರಿನ ದೀಪ ಒಮ್ಮೆ ಕಣ್ಣು ಮಿಟುಕಿಸಿ ಆರಿತು. ವ್ಯಾನು ಮೆಲ್ಲಗೆ ಗುರ್ ಎಂದು ಸ್ಟಾರ್ಟ್ ಆಯಿತು. ಹೊಗೆ ಇಲ್ಲ, ಕೆಮ್ಮು ಇಲ್ಲ, ಜಗ್ಗಾಟ ಇಲ್ಲ.

ಹಿಂದೆ ಹೊಸ ಕೈಗವಸು ಹಾಕಿಕೊಂಡು ವ್ಯಾನಿಗೆ ಕೈ ಕೊಟ್ಟು ನಿಂತಿದ್ದ ಹೆಡ್‌ಕ್ಲರ್ಕು ಹಾಗೆಯೇ ನಿಂತಿದ್ದರು. ವ್ಯಾನು ಹೊರಟುಹೋದ ಮೇಲೆ ಅವರ ಕೈಗಳು ಗಾಳಿಯಲ್ಲಿ ಉಳಿದವು. ಪಕ್ಕದಲ್ಲಿ ಟೈಲರು. ನಡುವೆ ಈಗ ವ್ಯಾನು ಇಲ್ಲ. ಇಬ್ಬರೂ ಒಂದು ಗಳಿಗೆ ಒಬ್ಬರನ್ನೊಬ್ಬರು ನೋಡಿ, ತಕ್ಷಣ ಒಬ್ಬರು ಆಕಾಶವನ್ನೂ ಇನ್ನೊಬ್ಬರು ಚಪ್ಪಲಿಯನ್ನೂ ನೋಡಿದರು. ಚಹಾ ಯಾರೂ ಕುಡಿಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹೆಡ್‌ಕ್ಲರ್ಕು ಮೋರಿಗೆ ಅಡ್ಡವಾಗಿ ಒಂದು ಇಟ್ಟಿಗೆ ಇಟ್ಟರು. ಸಂಜೆಗೆ ಟೈಲರು ಅದನ್ನು ತೆಗೆದು ಅವರ ಬಾಗಿಲಿಗೆ ಒರಗಿಸಿದರು. ರಾತ್ರಿ ಊಟದ ಹೊತ್ತಿಗೆ ಎರಡೂ ಮನೆಯ ಕಿಟಕಿಗಳಿಂದ ಇಟ್ಟಿಗೆಯ ಬಗ್ಗೆಯೂ ಪೂರ್ವಜರ ಬಗ್ಗೆಯೂ ಮಾತು ಹಾರಾಡತೊಡಗಿತು.

"ರೀ, ಏನಾದ್ರೂ ಮಾಡಿ," ಎಂದಳು ಅಕ್ಕ. "ಹೀಗೇ ಆದ್ರೆ ಈ ಬೀದೀಲಿ ಮನುಷ್ಯರು ಇರೋಕಾಗಲ್ಲ."

ಭಾವನಿಗೆ ಬೀದಿಯ ಚಿಂತೆಯ ಜೊತೆಗೆ ಇನ್ನೊಂದು ಚಿಂತೆಯೂ ಹತ್ತಿತ್ತು. ಬೆಳಿಗ್ಗೆ ಹಾಲಿನವನು ವ್ಯಾನು ಹೊರಟಿದ್ದು ನೋಡಿ, "ಇಷ್ಟೇನಾ? ಇದನ್ನ ನಾನೂ ಓಡಿಸ್ತೀನಿ," ಎಂದಿದ್ದ.

ಮರುದಿನ ಭಾವ ಒಳಗೆ ಕೂತು ಗುಂಡಿ ಒತ್ತಿದರು. ದೀಪಗಳೆಲ್ಲ ಹೊತ್ತಿದವು, ಎಂಜಿನ್ ಮಾತ್ರ ಬರಲಿಲ್ಲ. ಅವರು ಕಿಟಕಿಯಿಂದ ತಲೆ ಹೊರಹಾಕಿ ಗಂಭೀರವಾಗಿ ಹೇಳಿದರು.

"ನಾನು ಹೇಳಿರ್ಲಿಲ್ವಾ? ನಿನ್ನೆ ಏನೋ ಹೊಸ ಹುಮ್ಮಸ್ಸು. ಇವತ್ತು ಚಳಿ ಹತ್ತಿದೆ. ತಳ್ಳಬೇಕು."

ಹೆಡ್‌ಕ್ಲರ್ಕು ಮನೆಯೊಳಗಿಂದ ಓಡಿ ಬಂದ ವೇಗ ನೋಡಿ ಅವರಿಗೆ ಮಂಡಿನೋವು ಇದೆ ಎಂಬುದನ್ನೇ ನಾನು ಮರೆತೆ. ಟೈಲರು ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಬಂದರು. ಇಬ್ಬರೂ ತಮ್ಮ ತಮ್ಮ ಜಾಗ ಹಿಡಿದು ತಳ್ಳಿದರು. ವ್ಯಾನು ಉರುಳಿತು, ಉರುಳಿ ಇದ್ದಕ್ಕಿದ್ದಂತೆ ಗಕ್ಕನೆ ನಿಂತಿತು, ಇಬ್ಬರ ಮೂಗೂ ಹಿಂಬಾಗಿಲಿಗೆ ಬಡಿಯಿತು, ಎಂಜಿನ್ ಗುರ್ ಎಂದಿತು.

ಇದರ ಗುಟ್ಟು ಹೀಗೆ: ಆ ವ್ಯಾನಿನಲ್ಲಿ ಬ್ರೇಕ್ ಒತ್ತದೆ ಗುಂಡಿ ಒತ್ತಿದರೆ ದೀಪಗಳು ಮಾತ್ರ ಬರುತ್ತವೆ. ಎಂಜಿನ್ ಬೇಕಾದರೆ ಬ್ರೇಕಿನ ಮೇಲೆ ಕಾಲು ಇರಲೇಬೇಕು. ಆದ್ದರಿಂದ ಭಾವ ನಾಟಕ ಮುಗಿಸಿ ಸ್ಟಾರ್ಟ್ ಮಾಡಬೇಕೆಂದಾಗಲೆಲ್ಲ ಉರುಳುವ ವ್ಯಾನು ಗಕ್ಕನೆ ನಿಲ್ಲುತ್ತಿತ್ತು. ಇದು ನನಗೂ ಅಕ್ಕನಿಗೂ ಭಾನುವಾರ ಗೊತ್ತಾಯಿತು. ಮೂಲೆಯವರೆಗೆ ಬಂದು ನೋಡಿ ಎಂದು ನಮ್ಮನ್ನು ಕೂರಿಸಿಕೊಂಡವರು ಮೈಮರೆತು ಒಂದೇ ಸಲಕ್ಕೆ ಸ್ಟಾರ್ಟ್ ಮಾಡಿಬಿಟ್ಟರು. ಅಕ್ಕ ಅವರ ಮುಖ ನೋಡಿದಳು. ಅವರು ಕನ್ನಡಿ ಸರಿಮಾಡಿಕೊಂಡರು.

ಬೀದಿಯವರು ಮಾತ್ರ ತಮ್ಮದೇ ತೀರ್ಮಾನಕ್ಕೆ ಬಂದಿದ್ದರು.

"ವ್ಯಾನಿಗೆ ಹೇಳ್ತೀನಿ," ಎಂದರು ಹೆಡ್‌ಕ್ಲರ್ಕು ಮೂಗು ಸವರಿಕೊಳ್ಳುತ್ತಾ. "ಹಳೇದು ಉರುಳಿದ್ರೆ ಸಾಕಿತ್ತು. ಹೊಸದಕ್ಕೆ ಗುದ್ದು ಬೇಕು."

"ವ್ಯಾನೇ, ಕೇಳಿಸ್ಕೋ," ಎಂದರು ಟೈಲರು. "ನಾಳೆಯಿಂದ ಎದೆ ಎತ್ತರಕ್ಕೆ ದಿಂಬು ಕಟ್ಕೊಂಡು ಬರ್ತೀನಿ. ಎಡಗಡೆಯವರಿಗೆ ಬೇಕಾದ್ರೆ ಇನ್ನೊಂದು ಹೊಲಿದಿಟ್ಟಿದೀನಿ."

ಎದೆಗೆ ದಿಂಬು ಕಟ್ಟಿಕೊಂಡ ಇಬ್ಬರು ಹಿರಿಯರು ಪ್ರತಿ ಬೆಳಿಗ್ಗೆ ವ್ಯಾನಿಗೆ ಗುದ್ದು ಕೊಡುವ ದೃಶ್ಯ ನೋಡಲು ಪಕ್ಕದ ಬೀದಿಯವರೂ ಬರತೊಡಗಿದರು. ಮೋರಿಯ ಇಟ್ಟಿಗೆ ಮಾಯವಾಯಿತು. ಚಹಾ ಎರಡು ಪಾತ್ರೆ ಕುದಿಯತೊಡಗಿತು. ಭಾವನ ಮುಖಕ್ಕೆ ಕಳೆ ಮರಳಿ ಬಂತು. ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ವಿಷಯ ಗುಡ್ಡ ಹತ್ತಿತು.

ಹತ್ತಿಸಿದವರು ಸಿಸ್ಟರು. ನಮ್ಮ ಬೀದಿಯಲ್ಲೇ ವ್ಯಾನು ಹತ್ತುವ ಹಿರಿಯ ನರ್ಸು ಅವರು. ಮಾತು ನೇರ, ಸೂಜಿ ಚುಚ್ಚಿದ ಹಾಗೆ. ಆಸ್ಪತ್ರೆಯಲ್ಲಿ ಹೊಸ ವ್ಯಾನು ಹೇಗಿದೆ ಎಂದು ಯಾರೋ ಕೇಳಿದ್ದಕ್ಕೆ, "ದಿನಾ ಇಬ್ಬರು ಮುದುಕರು ಎದೆ ಕೊಟ್ಟು ಗುದ್ದಿದ ಮೇಲೆ ಹೊರಡುತ್ತೆ," ಎಂದುಬಿಟ್ಟರು. ಈ ಮಾತು ಆಸ್ಪತ್ರೆಯ ಗಾಡಿಗಳನ್ನೆಲ್ಲ ನೋಡಿಕೊಳ್ಳುವ ಸಾಹೇಬರ ಕಿವಿಗೆ ಬಿತ್ತು. ಸಾಹೇಬರು ವ್ಯಾನು ಕೊಟ್ಟ ಕಂಪನಿಗೆ ಫೋನ್ ಮಾಡಿದರು. ಕಂಪನಿಯವರು ಒಬ್ಬ ಮೆಕ್ಯಾನಿಕ್ಕನ್ನು ಕಳಿಸಿದರು.

ಮೆಕ್ಯಾನಿಕ್ಕು ಬೆಳಿಗ್ಗೆ ಬೆಳಿಗ್ಗೆಯೇ ಬಂದ. ಬ್ರೇಕ್ ಒತ್ತಿದ, ಗುಂಡಿ ಒತ್ತಿದ, ವ್ಯಾನು ಸ್ಟಾರ್ಟ್ ಆಯಿತು.

"ಏನೂ ತೊಂದರೆ ಇಲ್ವಲ್ರೀ," ಎಂದ.

"ಸ್ಟಾರ್ಟ್ ಎಲ್ಲಾಗಿದೆ?" ಎಂದರು ಹೆಡ್‌ಕ್ಲರ್ಕು.

"ಆಗಿದೆ ಸರ್, ಓಡ್ತಾ ಇದೆ."

"ಹೊಗೆ ಎಲ್ಲಿ?"

"ಹೊಸ ಎಂಜಿನ್ ಸರ್, ಹೊಗೆ ಬರಲ್ಲ. ಇದರಲ್ಲಿ ಎಣ್ಣೆಯನ್ನ ಭಾರೀ ಒತ್ತಡದಲ್ಲಿ ಮಂಜಿನ ಥರ ನೇರ ಒಳಗೇ ಚಿಮ್ಮಿಸುತ್ತೆ. ಚಳಿ ಎಷ್ಟಿದೆ, ಎಣ್ಣೆ ಎಷ್ಟು ಬೇಕು ಅಂತ ಒಳಗಿರೋ ಕಂಪ್ಯೂಟರೇ ನೋಡ್ಕೊಳ್ಳುತ್ತೆ. ನಿಲ್ಲಿಸಿ ಬಿಸಿ ಮಾಡೋದೂ ಬೇಕಿಲ್ಲ, ನಿಧಾನಕ್ಕೆ ಓಡಿಸ್ಕೊಂಡು ಹೋದ್ರೆ ತಾನೇ ಬಿಸಿಯಾಗುತ್ತೆ."

ಟೈಲರು ಹೊಗೆಕೊಳವೆಯ ಹಿಂದೆ ಕೂತು ಮೂಸಿ ನೋಡಿ ತಲೆಯಾಡಿಸಿದರು. "ವಾಸನೆ ಇಲ್ಲ, ಹೊಗೆ ಇಲ್ಲ, ಸದ್ದಿಲ್ಲ. ಓಡ್ತಿದೆ ಅಂತೆ. ನಮ್ಮನ್ನ ಯಾರು ಅಂದ್ಕೊಂಡಿದಾನೆ?"

ಭಾವ ಮಾತ್ರ ಬೆವರುತ್ತಾ, "ಅದು ಹಾಗೇ, ಹೊಸಬರು ಬಂದ್ರೆ ನಾಚಿಕೆಗೆ ಸ್ಟಾರ್ಟ್ ಆಗುತ್ತೆ," ಎಂದರು. ಆ ಚಳಿಯಲ್ಲಿ ಬೆವರಿದವರು ಅವರೊಬ್ಬರೇ.

ಮೆಕ್ಯಾನಿಕ್ಕು ಹೋದ ಮೇಲೆ ನಡೆದದ್ದನ್ನು ಯಾರೂ ಊಹಿಸಿರಲಿಲ್ಲ. ಕಂಪನಿಯವರು ಬಡಪಾಯಿ ಡ್ರೈವರನಿಗೆ ಕೆಟ್ಟ ಗಾಡಿ ಕಟ್ಟಿದ್ದಾರೆ ಎಂದು ಹೆಡ್‌ಕ್ಲರ್ಕರಿಗೂ ಟೈಲರಿಗೂ ಒಟ್ಟಿಗೇ ಸಿಟ್ಟು ಬಂತು. ಇಬ್ಬರೂ ಗುಡ್ಡ ಹತ್ತಿ, ದಾರಿಯುದ್ದಕ್ಕೂ ಒಬ್ಬರು ರಸ್ತೆಯ ಈ ಬದಿ, ಇನ್ನೊಬ್ಬರು ಆ ಬದಿ ನಡೆದು, ಸಾಹೇಬರ ಮುಂದೆ ಹೋಗಿ ನಿಂತರು. ಭಾವ ಅಲ್ಲೇ ಇದ್ದರು. ತಮ್ಮ ಪರವಾಗಿ ಮಾತಾಡಲು ಇಬ್ಬರು ಬಂದದ್ದು ನೋಡಿ ಅವರು ಉಣ್ಣೆ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡರು.

"ಈ ಡ್ರೈವರ್ ಚಿನ್ನದಂಥ ಮನುಷ್ಯ," ಎಂದರು ಹೆಡ್‌ಕ್ಲರ್ಕು. "ಗಾಡಿ ಮಾತ್ರ ಕಸ. ವಾಪಸ್ ಕಳಿಸಿ."

"ನಮ್ಮ ಎದೆ ನೋಡಿ ಸಾರ್," ಎಂದು ಟೈಲರು ಶರ್ಟಿನ ಗುಂಡಿಗೆ ಕೈ ಹಾಕಿದರು. ಸಾಹೇಬರು ಬೇಡ ಎಂದು ಕೈ ಎತ್ತಿದರು.

ಸಾಹೇಬರು ಹಳೇ ಕಾಲದ ಮನುಷ್ಯ. ಮಾತು ಕಮ್ಮಿ, ಮೀಸೆ ಜಾಸ್ತಿ. ಅವರು ಭಾವನ ಕಡೆ ತಿರುಗಿ ಹೇಳಿದರು. "ಗುರುವಾರ ಬೆಳಿಗ್ಗೆ ನಾನೇ ಬರ್ತೀನಿ. ಗಾಡಿ ಸ್ಟಾರ್ಟ್ ಆಗಲಿಲ್ಲ ಅಂದ್ರೆ ಗಾಡಿ ವಾಪಸ್. ಆಗ ಇನ್ನೊಂದು ಕಂಪನಿಯವರು ತಮ್ಮ ಗಾಡಿ, ತಮ್ಮ ಡ್ರೈವರ್ ಸಮೇತ ಬರ್ತಾರೆ. ಸ್ಟಾರ್ಟ್ ಆಯ್ತು ಅಂದ್ರೆ ತಪ್ಪು ನಿಮ್ಮದು. ಗುಂಡಿ ಒತ್ತೋಕೆ ಬಾರದ ಡ್ರೈವರ್ ನನಗೆ ಬೇಡ."

ಭಾವ ಮನೆಗೆ ಬಂದು ಊಟ ಬೇಡ ಎಂದರು. ವ್ಯಾನು ಸ್ಟಾರ್ಟ್ ಆದರೂ ಕೆಲಸ ಹೋಯಿತು, ಆಗದಿದ್ದರೂ ಕೆಲಸ ಹೋಯಿತು.

"ಇದ್ದದ್ದನ್ನ ಇದ್ದ ಹಾಗೆ ಹೇಳಿಬಿಡಿ," ಎಂದಳು ಅಕ್ಕ.

"ಹೇಳಿದ್ರೂ ಹೋಗುತ್ತೆ ಕಣೆ."

"ಹೋದ್ರೆ ಹೋಗ್ಲಿ. ಸುಳ್ಳು ಹೇಳಿ ಕಳ್ಕೊಳ್ಳೋದಕ್ಕಿಂತ ನಿಜ ಹೇಳಿ ಕಳ್ಕೊಂಡ್ರೆ ರಾತ್ರಿ ನಿದ್ದೆಯಾದ್ರೂ ಬರುತ್ತೆ. ಈಗ ಊಟ ಮಾಡಿ." ಅವಳು ಬಡಿಸಿದಳು. ಅವರು ಉಂಡರು. ನನಗೆ ಅವರನ್ನು ನೋಡಿ ನಗು ಬರಲಿಲ್ಲ. ಆ ಸ್ಟಿಯರಿಂಗ್ ಬಿಟ್ಟರೆ ಅವರಿಗೆ ಬೇರೆ ಜಗತ್ತೇ ಇಲ್ಲ ಎಂಬುದು ನನಗೆ ಗೊತ್ತಿತ್ತು.

ಗುರುವಾರದ ಚಳಿ ಆ ವರ್ಷದ ಚಳಿಗೆಲ್ಲ ಹಿರಿಯಣ್ಣ. ಕಿಟಕಿಯ ಗಾಜುಗಳ ಮೇಲೆ ಹಿಮ ಕಟ್ಟಿತ್ತು, ಬಕೆಟ್ಟಿನ ನೀರಿನ ಮೇಲೆ ಕೆನೆಯಂತೆ ಮಂಜುಗಡ್ಡೆ ನಿಂತಿತ್ತು. ಸಾಹೇಬರು ತಮ್ಮ ಸ್ವಂತ ಹಳೇ ಡೀಸೆಲ್ ಕಾರಿನಲ್ಲಿ ಹೊಗೆಯುಗುಳುತ್ತಾ ಮೊದಲೇ ಬಂದು, ಇಳಿಜಾರಿನ ಮೇಲ್ತುದಿಯಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಅಕ್ಕನ ಒತ್ತಾಯಕ್ಕೆ ಒಳಗೆ ಬಂದು ಚಹಾ ಕುಡಿದರು. ಒಂದರ ಮೇಲೊಂದು ಲೋಟ. ಬೀದಿಯ ತಳ್ಳುವವರು ಎಲ್ಲ ಕಲೆಯುವವರೆಗೆ ಪರೀಕ್ಷೆ ಶುರುಮಾಡಬಾರದು ಎಂದು ಹೆಡ್‌ಕ್ಲರ್ಕು ತಾಕೀತು ಮಾಡಿದ್ದರು. ಅಷ್ಟರಲ್ಲಿ ಹೊರಗೆ ಕಾರು ತಣ್ಣಗೆ ಕೊರೆಯುತ್ತಿತ್ತು.

ಕೊನೆಗೆ ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಬಂದರು. ದಿಂಬುಗಳು ಸಿದ್ಧವಾದವು. ಸಿಸ್ಟರು ಗಡಿಯಾರ ನೋಡುತ್ತಾ ಮೆಟ್ಟಿಲ ಮೇಲೆ ನಿಂತರು. ಸಾಹೇಬರು ವ್ಯಾನಿನಲ್ಲಿ ಭಾವನ ಪಕ್ಕ ಕೂತು, ಎಂಜಿನ್ ಸದ್ದು ಚೆನ್ನಾಗಿ ಕೇಳಲಿ ಎಂದು ಕಿಟಕಿ ಇಳಿಸಿದರು.

ಭಾವ ಒಮ್ಮೆ ಕಣ್ಣು ಮುಚ್ಚಿ ತೆರೆದು, ಬ್ರೇಕ್ ಒತ್ತಿ, ಗುಂಡಿ ಒತ್ತಿದರು. ಗುರ್.

"ಸ್ಟಾರ್ಟ್ ಆಯ್ತಲ್ರೀ," ಎಂದರು ಸಾಹೇಬರು.

"ಆಯ್ತು ಸರ್."

ಅಷ್ಟರಲ್ಲಿ ಹಿಂದಿನಿಂದ, ಕಿವಿ ಮುಚ್ಚಿದ ಟೋಪಿಗಳೊಳಗೆ ಯಾವ ಗುರ್ ಎಂಬುದೂ ಕೇಳಿಸದ ಬೀದಿ, ಹೆಡ್‌ಕ್ಲರ್ಕರ ಕೂಗಿಗೆ ಓಗೊಟ್ಟು ಧಡ್ ಎಂದು ಗುದ್ದಿತು. ಸಾಹೇಬರ ಟೋಪಿ ಡ್ಯಾಶ್‌ಬೋರ್ಡಿನ ಮೇಲೆ ಬಿತ್ತು.

"ಗುದ್ದು ಸಾಲಲಿಲ್ಲ," ಎಂದರು ಹಿಂದಿನಿಂದ ಹೆಡ್‌ಕ್ಲರ್ಕು. "ಇನ್ನೊಂದು."

"ಬೇಡ," ಎಂದು ಭಾವ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು. "ಗುದ್ದಬೇಡಿ. ಸ್ಟಾರ್ಟ್ ಆಗಿದೆ." ಆಮೇಲೆ ಸಾಹೇಬರ ಟೋಪಿಯನ್ನು ಎತ್ತಿ ಕೊಡುತ್ತಾ, ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದರು. "ಸರ್, ಗಾಡಿಗೆ ಏನೂ ಆಗಿಲ್ಲ. ಮೊದಲ ದಿನದಿಂದಲೂ ಆಗಿಲ್ಲ. ಒಂದೇ ಒತ್ತಿಗೆ ಬರುತ್ತೆ."

"ಮತ್ತೆ ಇವರು ಇಷ್ಟು ದಿನ ತಳ್ಳಿದ್ದು?"

"ತಳ್ಳಲಿ ಅಂತ ನಾನೇ ಬ್ರೇಕ್ ಬಿಟ್ಟು ಗುಂಡಿ ಒತ್ತುತ್ತಿದ್ದೆ ಸರ್."

"ಯಾಕ್ರೀ?"

"ತಳ್ಳೋವಾಗ ಇವರಿಬ್ಬರೂ ಮಾತಾಡ್ತಾರೆ ಸರ್. ಇಲ್ಲಾಂದ್ರೆ ಮೋರಿ ವಿಷಯಕ್ಕೆ ಕಿತ್ತಾಡ್ತಾರೆ." ಭಾವ ತಮ್ಮ ಉಣ್ಣೆ ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. "ಅದೊಂದೇ ಅಲ್ಲ. ಗುಂಡಿ ಒತ್ತೋಕೆ ಇವನೇ ಯಾಕೆ ಬೇಕು ಅಂತ ಯಾರಾದ್ರೂ ಕೇಳಿಬಿಟ್ರೆ ಅಂತ ಭಯ ಆಯ್ತು."

ಸಾಹೇಬರ ಮೀಸೆ ಒಮ್ಮೆ ಅದುರಿತು.

"ಆಸ್ಪತ್ರೆಗೆ ಡ್ರೈವರ್ ಬೇಕು, ಪಂಚಾಯ್ತಿ ಮಾಡೋರು ಬೇಡ. ಕೀ ಕೊಡಿ." ಭಾವ ಎಂಜಿನ್ ಆರಿಸಿ ಕೀ ಕೊಟ್ಟರು. ಸಾಹೇಬರು ಕೆಳಗಿಳಿದರು. "ಸಿಸ್ಟರ್, ಬನ್ನಿ. ಇವತ್ತು ನಾನೇ ನಿಮ್ಮನ್ನೆಲ್ಲ ನನ್ನ ಕಾರಲ್ಲಿ ಮುಟ್ಟಿಸ್ತೀನಿ. ಈ ಕ್ಲಚ್ ಇಲ್ಲದ ಗಾಡಿ ನಾನು ಮುಟ್ಟಲ್ಲ."

ಅವರು ತಮ್ಮ ಕಾರಿನಲ್ಲಿ ಕೂತು, ಸಿಟ್ಟಿನ ಭರದಲ್ಲಿ ಕೀಯನ್ನು ಒಂದೇ ಸಲಕ್ಕೆ ಪೂರ್ತಿ ತಿರುಗಿಸಿದರು. ಕಾರು ಗರಗರ ಎಂದಿತು. ಮತ್ತೆ ತಿರುಗಿಸಿದರು. ಗರ ಎಂದಿತು. ಮೂರನೇ ಸಲಕ್ಕೆ ಒಂದು ನರಳಾಟ.

"ಸರ್, ಹೀಟರಿನ ದೀಪ ಆರೋವರೆಗೂ..." ಎಂದರು ಭಾವ ದೂರದಿಂದ, ಮೆಲ್ಲಗೆ.

"ನನಗೆ ಗೊತ್ತು," ಎಂದರು ಸಾಹೇಬರು. ಕಾರಿಗೆ ಗೊತ್ತಿರಲಿಲ್ಲ. ಸಿಸ್ಟರು ಹಿಂದಿನ ಸೀಟಿನಿಂದ, "ರಾತ್ರಿ ಪಾಳಿಯವರು ನನಗಾಗಿ ಕಾಯ್ತಿದಾರೆ," ಎಂದು ನೆನಪಿಸಿದರು.

ಯಾರೂ ಅಲುಗಾಡಲಿಲ್ಲ. ಬೀದಿಯವರೆಲ್ಲ ಹೆಡ್‌ಕ್ಲರ್ಕರನ್ನೂ ಟೈಲರನ್ನೂ ನೋಡುತ್ತಿದ್ದರು. ಇಬ್ಬರೂ ಎದೆಗೆ ದಿಂಬು ಕಟ್ಟಿಕೊಂಡು, ಮೋಸಹೋದ ಮುಖ ಮಾಡಿಕೊಂಡು, ನಡುರಸ್ತೆಯಲ್ಲಿ ನಿಂತಿದ್ದರು.

"ಕೇಳಿಸ್ಕೊಂಡ್ರೇನ್ರೀ?" ಎಂದರು ಹೆಡ್‌ಕ್ಲರ್ಕು.

"ಕೇಳಿಸ್ಕೊಂಡೆ," ಎಂದರು ಟೈಲರು.

"ನಮ್ಮಿಬ್ಬರನ್ನ ಮಾತಾಡಿಸೋಕೆ ಅಂತೆ."

"ನಾವೇನು ಚಿಕ್ಕ ಮಕ್ಕಳಾ?"

"ಅದನ್ನೇ ನಾನೂ ಹೇಳ್ತಿರೋದು."

ಅಕ್ಕ ನನ್ನ ತೋಳು ಹಿಡಿದು ಜಗ್ಗಿದಳು. ನಾನೂ ಗಮನಿಸಿದ್ದೆ. ಅವರು ವ್ಯಾನಿಗೆ ಹೇಳುತ್ತಿರಲಿಲ್ಲ. ವ್ಯಾನು ಅವರ ಬೆನ್ನ ಹಿಂದೆ ಇತ್ತು.

ಕಾರು ಇನ್ನೊಮ್ಮೆ ನರಳಿತು. ಟೈಲರು ಆ ಕಡೆ ತಿರುಗಿ ನೋಡಿದರು. "ರೀ, ಅದು ನಿಜವಾಗ್ಲೂ ಸ್ಟಾರ್ಟ್ ಆಗ್ತಿಲ್ಲ."

"ನಾಟಕ ಇರಬಹುದಾ?"

"ಸಾಹೇಬರ ಮುಖ ನೋಡಿ. ಅದು ನಾಟಕದ ಮುಖ ಅಲ್ಲ."

ಹೆಡ್‌ಕ್ಲರ್ಕು ಕೈಗವಸು ಬಿಗಿ ಮಾಡಿಕೊಂಡರು. ಆಮೇಲೆ ಯಾರಿಗೂ ಏನೂ ಹೇಳಬೇಕಾಗಲಿಲ್ಲ. ಅಕ್ಕ ಬಿಸಿನೀರಿಗೆ ಓಡಿದಳು. ಟೈಲರು ವ್ಯಾನಿನ ಕೋಟು ತಂದು ಕಾರಿನ ಬಾನೆಟ್ಟಿಗೆ ಹೊದಿಸಲು ಹೋಗಿ, ಅಳತೆ ಕಾರಿಗೇ ಸರಿಯಾಗಿ ಕೂತದ್ದು ಕಂಡು ಗುಟ್ಟಾಗಿ ಹಿಗ್ಗಿದರು. ಭಾವ ಕೆಲಸ ಹೋದದ್ದನ್ನು ಮರೆತು, ಬಿಸಿ ಬಟ್ಟೆಯನ್ನು ಫಿಲ್ಟರಿಗೆ ಸುತ್ತಿ, ಸಾಹೇಬರ ಕಿಟಕಿಗೆ ಬಗ್ಗಿ ನಿಂತರು.

"ಅರ್ಧ ತಿರುಗಿಸಿ ಸರ್. ದೀಪ ಬಂತಾ? ಮುಟ್ಟಬೇಡಿ. ಆರಲಿ. ಇನ್ನೊಂದು ಸಲ. ಮಾತಾಡಬೇಡಿ ಸರ್, ಅದಕ್ಕೆ ಆಗಿಬರಲ್ಲ. ಈಗ ಎರಡನೇ ಗೇರು, ಕ್ಲಚ್ ಒತ್ತಿ ಹಿಡ್ಕೊಳ್ಳಿ. ನಾನು ಹೇಳಿದಾಗ ಬಿಡಿ."

ಗುಡ್ಡದ ಮೇಲೆ ಎಲ್ಲರಿಗೂ ಆಜ್ಞೆ ಮಾಡುವ ಸಾಹೇಬರು ಭಾವ ಹೇಳಿದ್ದೆಲ್ಲ ಮಾಡಿದರು. ಬೀದಿ ತಳ್ಳಿತು. ನಾನೂ ತಳ್ಳಿದೆ. ಮೆಟ್ಟಿಲ ಮೇಲಿನಿಂದ ಹಾಲಿನವನೂ ಬಂದು ತಳ್ಳಿದ. ಕಾರು ಉರುಳಿತು, ಓಡಿತು, ನೀರಿನ ಟ್ಯಾಂಕು ಹತ್ತಿರವಾಯಿತು.

"ಬಿಡಿ ಸರ್," ಎಂದರು ಭಾವ, ಪಕ್ಕದಲ್ಲೇ ಓಡುತ್ತಾ.

ಕಾರು ಜಗ್ಗಿತು, ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಆಮೇಲೆ ಎಷ್ಟು ಹೊಗೆ ಉಗುಳಿತೆಂದರೆ ನಮ್ಮ ಬೀದಿಗೆ ಬೀದಿಯೇ ಅದರಲ್ಲಿ ಮುಳುಗಿಹೋಯಿತು. ಎಲ್ಲರೂ ಕೆಮ್ಮಿದರು, ಎಲ್ಲರ ಕಣ್ಣಲ್ಲೂ ನೀರು ಬಂತು. ಹೊಗೆಯೊಳಗಿನಿಂದ ಹೆಡ್‌ಕ್ಲರ್ಕರ ದನಿ ಕೇಳಿಸಿತು. "ಇದು, ಇದು ಸ್ಟಾರ್ಟ್ ಆಗೋದು ಅಂದ್ರೆ."

ಹೊಗೆ ತಿಳಿಯಾದಾಗ ಸಾಹೇಬರು ಕಾರನ್ನು ಓಡುತ್ತಿರುವಂತೆಯೇ ಬಿಟ್ಟು ಇಳಿದು ನಿಂತಿದ್ದರು. ಅವರ ಮೀಸೆಯ ತುಂಬ ಮಸಿ. ಅವರು ಭಾವನನ್ನೂ, ದಿಂಬು ಕಟ್ಟಿಕೊಂಡವರನ್ನೂ, ಕೋಟು ತೊಟ್ಟ ತಮ್ಮ ಕಾರನ್ನೂ ಬಹಳ ಹೊತ್ತು ನೋಡಿದರು.

"ನೀವು ಮಾಡಿದ್ದು ತಪ್ಪು," ಎಂದರು.

"ತಪ್ಪು ಸರ್."

"ನಾಳೆಯಿಂದ ಬ್ರೇಕ್ ಒತ್ತಿ, ಗುಂಡಿ ಒತ್ತಿ, ಮರ್ಯಾದೆಯಾಗಿ ಹೊರಡಿ."

"ನಾಳೆಯಿಂದ?" ಎಂದರು ಭಾವ. ಅವರಿಗೆ ಅರ್ಥವಾಗಿರಲಿಲ್ಲ.

"ನಾಳೆಯಿಂದ ಯಾಕೆ, ಇವತ್ತಿನಿಂದಲೇ ಮಾಡಿ," ಎಂದು ಸಿಸ್ಟರು ಕಾರಿನಿಂದ ಇಳಿದು ವ್ಯಾನಿನ ಕಡೆ ನಡೆದರು. "ನನಗೆ ಹೊತ್ತಾಯ್ತು."

ಸಾಹೇಬರು ಕೀಯನ್ನು ಭಾವನ ಅಂಗೈ ಮೇಲೆ ಇಟ್ಟರು. ವ್ಯಾನು ಯಾವಾಗ ಸ್ಟಾರ್ಟ್ ಆಯಿತು, ಯಾವಾಗ ಹೊರಟಿತು ಎಂಬುದನ್ನು ಅಂದು ಯಾರೂ ನೋಡಲಿಲ್ಲ. ಎಲ್ಲರೂ ಸಾಹೇಬರ ಕಾರಿನ ಸುತ್ತ ಚಹಾ ಹಿಡಿದು ನಿಂತಿದ್ದರು.

"ನಮ್ಮ ಕಡೆ ಎಲ್ಲ ಸಮತಟ್ಟು," ಎಂದರು ಸಾಹೇಬರು ಲೋಟ ಕೊಡುತ್ತಾ, ಯಾರ ಮುಖವನ್ನೂ ನೋಡದೆ. "ಬೆಳಿಗ್ಗೆ ಹೊತ್ತು ಇದನ್ನ ಸ್ಟಾರ್ಟ್ ಮಾಡೋಕೆ ಹೋದ್ರೆ ಅಕ್ಕಪಕ್ಕದವರು ಹೊಗೆ ಅಂತ ಕಿಟಕಿ ಹಾಕ್ಕೊಳ್ತಾರೆ. ಒಬ್ಬರೂ ಕೈ ಕೊಡಲ್ಲ. ರಾತ್ರಿ ಇಲ್ಲಿ ನಿಲ್ಲಿಸಿ ಹೋದ್ರೆ ಯಾರಿಗಾದ್ರೂ ತೊಂದರೆ ಆಗುತ್ತಾ?"

"ತೊಂದರೆ ಏನು ಬಂತು," ಎಂದರು ಹೆಡ್‌ಕ್ಲರ್ಕು. ಅವರ ದನಿಯಲ್ಲಿ ಹಳೇ ಕಚೇರಿಯ ಗತ್ತು ಬಂದಿತ್ತು. "ಹೊತ್ತಿಗೆ ಸರಿಯಾಗಿ ಬರಬೇಕು, ಅಷ್ಟೇ. ತಡ ಆದ್ರೆ ಕಾಯಲ್ಲ."

ಮರುದಿನ ಬೆಳಿಗ್ಗೆ ಸಾಹೇಬರು ಕಿವಿ ಮುಚ್ಚುವ ಟೋಪಿ ಹಾಕಿಕೊಂಡು ಇಳಿಜಾರು ಹತ್ತಿ ನಡೆದೇ ಬಂದರು. ಭಾವ ತಮ್ಮ ವ್ಯಾನನ್ನು ಒಂದೇ ಒತ್ತಿಗೆ ಸ್ಟಾರ್ಟ್ ಮಾಡಿ, ಅದನ್ನು ಗುರ್ ಎನ್ನಲು ಬಿಟ್ಟು, ಇಳಿದು ಬಂದು ಹಳೇ ಕಾರಿನ ಹೀಟರ್ ದೀಪಕ್ಕೆ ಕಾವಲು ನಿಂತರು. ತಳ್ಳಾಟ, ಜಗ್ಗಾಟ, ಹೊಗೆ, ಕೆಮ್ಮು ಎಲ್ಲ ಸಾಂಗವಾಗಿ ಮುಗಿಯಿತು. ಕಾರು ಹೋಯಿತು, ವ್ಯಾನೂ ಹೋಯಿತು. ಅಕ್ಕ ಲೋಟಗಳನ್ನು ಒಳಗೆ ಒಯ್ದಳು.

ಬೀದಿಯ ನಡುವೆ ಈಗ ಯಾವ ಗಾಡಿಯೂ ಇರಲಿಲ್ಲ. ಆದರೂ ಹೆಡ್‌ಕ್ಲರ್ಕೂ ಟೈಲರೂ ದಿಂಬು ಬಿಚ್ಚದೆ ಅಲ್ಲೇ ನಿಂತಿದ್ದರು. ನಾನು ಮಹಡಿಯ ಕಿಟಕಿ ತೆರೆದು ಕಿವಿಗೊಟ್ಟೆ. ಇಬ್ಬರೂ ಜೋರಾಗಿಯೇ ಜಗಳವಾಡುತ್ತಿದ್ದರು, ಮೋರಿಯ ವಿಷಯಕ್ಕೆ. ಒಬ್ಬರೂ ಆಕಾಶ ನೋಡಲಿಲ್ಲ, ಒಬ್ಬರೂ ಚಪ್ಪಲಿ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಟೈಲರು ಮನೆಗೆ ಹೋಗಿ ಅಳತೆಯ ಟೇಪು ತಂದರು, ಹೆಡ್‌ಕ್ಲರ್ಕು ಅದರ ಇನ್ನೊಂದು ತುದಿ ಹಿಡಿದುಕೊಂಡರು.